ಬೋಳು ಟೈರು, ಮಳೆಯ ರಸ್ತೆ ಮತ್ತು ಮೇಷ್ಟರ ಒಂದು ತಿದ್ದುಪಡಿ



ಕಳೆದ ವಾರ ನನಗೊಂದು ದೂರವಾಣಿ ಕರೆ ಬಂದಿತು. ಮಾತನಾಡಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ, ಬೆಂಗಳೂರಿನಲ್ಲಿ ಎಂಜಿನಿಯರ್. ಸ್ನೇಹಿತರೊಡನೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ, ತನ್ನ ಸ್ವಂತ ಕಾರನ್ನು ಒಂದು ದಿನ ಪಂದ್ಯದ ಪಥದಲ್ಲಿ ಓಡಿಸಬೇಕೆಂಬುದು ಅವನ ಆಸೆ. ಇಂಥ ದಿನಕ್ಕೆ ಅವರು ‘ಟ್ರ್ಯಾಕ್ ಡೇ’ ಎನ್ನುತ್ತಾರಂತೆ. ಅದರಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಎದುರಿನಿಂದ ಬರುವ ಲಾರಿಯಾಗಲಿ ಅಡ್ಡ ಬರುವ ಹಸುವಾಗಲಿ ಇಲ್ಲದ ದಾರಿಯಲ್ಲಿ ವಾಹನವನ್ನು ಮನಸಾರೆ ಓಡಿಸುವುದಷ್ಟೆ. “ಬಿಸಿಲಿದ್ದರೆ ಯಾವ ಟೈರು, ಮಳೆ ಬಂದರೆ ಯಾವ ಟೈರು ಎಂದು ಅಪ್ಪನನ್ನು ಕೇಳಿದೆ ಸರ್. ಅವರು ನಕ್ಕು, ‘ಟೈರಿನ ವಿಷಯ ನಮ್ಮ ಮೇಷ್ಟರನ್ನೇ ಕೇಳು, ಅವರು ನನಗೊಂದು ಉತ್ತರ ಬಾಕಿ ಇದ್ದಾರೆ’ ಅಂದರು” ಎಂದನು.

ಆ ಬಾಕಿ ಯಾವುದೆಂದು ನನಗೆ ತಕ್ಷಣ ನೆನಪಾಯಿತು. ಅಂದು ಆ ತರಗತಿಯಲ್ಲಿ ಕುಳಿತಿದ್ದ ನಿಮ್ಮಲ್ಲಿ ಕೆಲವರಿಗೂ ನೆನಪಿರಬಹುದು.

1984ರಲ್ಲಿ ಹತ್ತನೆಯ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೆ. ಘರ್ಷಣೆಯು ತಾಗಿರುವ ಮೇಲ್ಮೈಯ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂಬ ನಿಯಮವನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ವಾರಪತ್ರಿಕೆಯಿಂದ ಕತ್ತರಿಸಿದ ರೇಸು ಕಾರಿನ ಚಿತ್ರವೊಂದನ್ನು ತೋರಿಸಿ, “ಸಾರ್, ಇದರ ಟೈರಿನಲ್ಲಿ ಗೆರೆಗಳೇ ಇಲ್ಲವಲ್ಲ, ಯಾಕೆ?” ಎಂದು ಕೇಳಿದ. “ಗೆರೆಯಿಲ್ಲದಿದ್ದರೆ ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೆ, ಹಿಡಿತ ಹೆಚ್ಚುತ್ತದೆ” ಎಂದೆ. ಅಷ್ಟಕ್ಕೇ ನಿಲ್ಲಿಸದೆ, “ಹಾಗೆ ನೋಡಿದರೆ ನನ್ನ ಸ್ಕೂಟರಿನ ಸವೆದ ಟೈರೂ ರೇಸಿನ ಟೈರೇ!” ಎಂದು ನಗೆಚಾಟಿಕೆ ಹಾರಿಸಿದೆ. ತರಗತಿ ನಕ್ಕಿತು. ಹಲಗೆಯ ಮೇಲಿದ್ದ ನಿಯಮಕ್ಕೂ ನಾನು ಕೊಟ್ಟ ಉತ್ತರಕ್ಕೂ ನೇರ ವಿರೋಧವಿದೆಯೆಂಬುದು ಮಕ್ಕಳಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನಾಲ್ಕು ವರ್ಷಗಳ ಮೇಲೆ, 1988ರ ಜೂನ್ ತಿಂಗಳ ಮೊದಲ ಮಳೆಯಲ್ಲಿ, ಅದೇ ಹುಡುಗ ನಂಜನಗೂಡು ರಸ್ತೆಯಲ್ಲಿ ಹಳೆಯ ಯೆಜ್ಡಿ ಮೋಟಾರ್‌ಸೈಕಲ್ಲಿನಿಂದ ಜಾರಿಬಿದ್ದು ಕಾಲು ಮುರಿದುಕೊಂಡನು. ಆಸ್ಪತ್ರೆಗೆ ನೋಡಲು ಹೋದೆ. ಹಿಂದಿನ ಟೈರು ಪೂರ್ತಿ ಬೋಳಾಗಿತ್ತೆಂದು ಅವನ ತಂದೆ ಹೇಳಿದರು. ಹುಡುಗ ನೋವಿನಲ್ಲಿಯೂ ನಕ್ಕು, “ಬೋಳು ಟೈರಿಗೆ ಹಿಡಿತ ಜಾಸ್ತಿ ಅಂತ ನೀವೇ ಹೇಳಿದ್ರಲ್ಲ ಸಾರ್” ಎಂದ. ಅದು ಅರ್ಧ ಹಾಸ್ಯ. ಉಳಿದರ್ಧ ಹಾಸ್ಯವಲ್ಲವೆಂದು ಅಂದೇ ನನಗೆ ಗೊತ್ತಿತ್ತು. ಉತ್ತರ ಹೇಳದೆ ಕಿತ್ತಳೆ ಹಣ್ಣಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಅವನು ಗುಣವಾದ, ನೌಕರಿಗೆ ಸೇರಿದ. ಸ್ವಲ್ಪ ಕುಂಟು ಮಾತ್ರ ಉಳಿದುಕೊಂಡಿತು. ನನ್ನ ಉತ್ತರವೂ ಹಾಗೆಯೇ ಕುಂಟುತ್ತ ಉಳಿಯಿತು. ಇಂದು ಅದನ್ನು ಇತಿಹಾಸದೊಡನೆ ಪೂರ್ಣಗೊಳಿಸಲು ಯತ್ನಿಸುತ್ತೇನೆ.

ಮೈಸೂರಿನವರಾದ ನಮಗೆ ಈ ವಿಷಯ ಹೊರಗಿನದೇನೂ ಅಲ್ಲ. ಅರಮನೆ, ದಸರಾ, ರೇಷ್ಮೆ, ಗಂಧದೆಣ್ಣೆಗಳ ಜೊತೆಗೆ ಗಾಲಿಯ ಚರಿತ್ರೆಯಲ್ಲಿಯೂ ಈ ಊರಿಗೆ ಒಂದು ಪುಟವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಮೋಟಾರ್‌ಸೈಕಲ್ಲುಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಿಮ್ಮಲ್ಲಿ ಎಷ್ಟು ಜನರ ತಂದೆಯಂದಿರು ಅಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸುತ್ತಿದ್ದರೆಂಬುದು ನನಗೆ ಗೊತ್ತು. ಇನ್ನೊಂದು ಕಡೆ, ಕೃಷ್ಣರಾಜಸಾಗರ ರಸ್ತೆಯ ಮೇಟಗಳ್ಳಿಯಲ್ಲಿ ಕರ್ನಾಟಕ ಸರ್ಕಾರದ ಪಾಲೂ ಇದ್ದ ವಿಕ್ರಾಂತ್ ಟೈರ್ಸ್ ಕಾರ್ಖಾನೆ ತಲೆಯೆತ್ತಿತು. 1997ರಲ್ಲಿ ಅದು ಜೆ.ಕೆ. ಸಮೂಹದ ಕೈಸೇರಿತು. ಅದೇ ಜೆ.ಕೆ. ಟೈರ್ ಹೆಸರಿನ ರಾಷ್ಟ್ರೀಯ ರೇಸಿಂಗ್ ಚಾಂಪಿಯನ್‌ಷಿಪ್ಪಿನ ಸುತ್ತುಗಳು ಈಗ ಈ ಹುಡುಗ ಹೋಗಲಿರುವ ಕೊಯಮತ್ತೂರಿನ ಪಥದಲ್ಲಿ ನಡೆಯುತ್ತ ಬಂದಿವೆ. ಅಂದರೆ ಮೇಟಗಳ್ಳಿಗೂ ಆ ಪಥಕ್ಕೂ ಒಂದು ದೂರದ ನೆಂಟಸ್ತಿಕೆ ಉಂಟು.

ಇನ್ನು ಮೂಲ ವಿಷಯಕ್ಕೆ ಬರೋಣ. ಟೈರಿನ ಚರಿತ್ರೆಯೆಂದರೆ ಬೋಳಿನಿಂದ ಗೆರೆಗೆ, ಗೆರೆಯಿಂದ ಮತ್ತೆ ಬೋಳಿಗೆ ಬಂದ ಚರಿತ್ರೆ. ಮೊದಲ ಬೋಳು ಅಜ್ಞಾನದಿಂದ ಬಂದುದು. ಎರಡನೆಯ ಬೋಳು ಜ್ಞಾನದಿಂದ ಬಂದುದು. ಇವೆರಡನ್ನೂ ಒಂದೇ ಎಂದು ತಿಳಿದದ್ದೇ ಅಂದು ನಾನು ಮಾಡಿದ ತಪ್ಪು.

ಹಸಿ ರಬ್ಬರು ಬೇಸಗೆಯಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ದೃಢವಾಗುತ್ತದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಎಂಬಾತ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದನು. ಕಾಲ ಪಕ್ವವಾಗದೆ ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೊಮ್ಮೆ ಕಂಡುಹಿಡಿದನು. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಪಂದ್ಯದಲ್ಲಿ ಮಿಶೆಲಿನ್ ಸಹೋದರರು ಗಾಳಿ ತುಂಬಿದ ಟೈರುಗಳ ಮೇಲೆ ಕಾರು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರುಗಳಾದವು, ಗೆಲುವೇನೂ ಸಿಗಲಿಲ್ಲ. ಆದರೆ ಕಾರಿಗೂ ಗಾಳಿಯ ಟೈರು ಆಗಬಹುದೆಂಬುದು ಲೋಕಕ್ಕೆ ತಿಳಿಯಿತು.

ಆ ಕಾಲದ ಟೈರುಗಳ ಮೈ ನುಣುಪಾಗಿತ್ತು. ಒದ್ದೆಯಾದ ಕಲ್ಲುಹಾಸಿನ ಮೇಲೆ, ಕೆಸರಿನ ಮೇಲೆ ಕಾರುಗಳು ಜಾರುತ್ತಿದ್ದವು. 20ನೆಯ ಶತಮಾನದ ಮೊದಲ ದಶಕದಲ್ಲಿ ಗೆರೆ ಕೊರೆದ ಟೈರುಗಳು ಬಂದವು. 1908ರಲ್ಲಿ ಅಮೆರಿಕದ ಹಾರ್ವಿ ಫೈರ್‌ಸ್ಟೋನ್ ಹೊರತಂದ ಟೈರಿನ ಮೈಮೇಲೆ ‘ಫೈರ್‌ಸ್ಟೋನ್ ನಾನ್ ಸ್ಕಿಡ್’, ಅಂದರೆ ‘ಜಾರದ ಫೈರ್‌ಸ್ಟೋನ್’ ಎಂಬ ಅಕ್ಷರಗಳನ್ನೇ ಓರೆಯಾಗಿ ಉಬ್ಬಿಸಲಾಗಿತ್ತು. ಜಾಹೀರಾತೂ ಅದೇ, ಹಿಡಿತವೂ ಅದೇ! ಧೂಳಿನ ದಾರಿಯಲ್ಲಿ ಆ ಕಾರು ಹೋದಲ್ಲೆಲ್ಲ ತನ್ನ ಹೆಸರನ್ನು ಬರೆಯುತ್ತ ಹೋಗುತ್ತಿತ್ತು.

ಗೆರೆಗಳು ಮಾಡುವ ಕೆಲಸವೇನು? ಬಹಳ ಜನ ಗೆರೆಗಳ ಅಂಚು ನೆಲವನ್ನು ಕಚ್ಚುತ್ತದೆ ಎಂದು ಭಾವಿಸುತ್ತಾರೆ. ಮಣ್ಣಿನ ದಾರಿಯಲ್ಲಿ ಅದು ಸರಿ. ಡಾಂಬರು ರಸ್ತೆಯಲ್ಲಿ ಅವುಗಳ ಮುಖ್ಯ ಕೆಲಸ ಗದ್ದೆಯ ಕಾಲುವೆಯ ಕೆಲಸ: ನೀರಿಗೆ ಹೋಗಲು ದಾರಿ ಮಾಡಿಕೊಡುವುದು. ಒದ್ದೆ ರಸ್ತೆಯಲ್ಲಿ ಉರುಳುವ ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಮೂರು ಭಾಗಗಳಿರುತ್ತವೆ. ಮುಂಭಾಗ ನೀರನ್ನು ತಳ್ಳುತ್ತದೆ. ನಡುಭಾಗ ಉಳಿದ ತೆಳು ಪೊರೆಯನ್ನು ಹರಿಯುತ್ತದೆ. ಹಿಂಭಾಗ ಮಾತ್ರ ನಿಜವಾಗಿ ನೆಲವನ್ನು ಹಿಡಿಯುತ್ತದೆ. ವೇಗ ಹೆಚ್ಚಿದಂತೆ ನೀರಿಗೆ ಪಕ್ಕಕ್ಕೆ ಸರಿಯಲು ಸಮಯ ಸಾಲದು. ಹಿಡಿಯುವ ಭಾಗ ಕಿರಿದಾಗುತ್ತ ಹೋಗುತ್ತದೆ. ಕೊನೆಗೊಂದು ವೇಗದಲ್ಲಿ ಟೈರು ನೆಲವನ್ನು ಬಿಟ್ಟು ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕು ಒತ್ತಿದರೂ ಕಾರಿಗೆ ಕೇಳಿಸುವುದಿಲ್ಲ.

ಈ ತೇಲುವಿಕೆಯನ್ನು ಕೂಲಂಕಷವಾಗಿ ಅಳೆದವರು ವಿಮಾನದವರು. ಒದ್ದೆ ರನ್‌ವೇಯಲ್ಲಿ ವಿಮಾನಗಳು ಜಾರುತ್ತಿದ್ದುದರ ಕಾರಣ ಹುಡುಕುತ್ತ, ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1963ರಲ್ಲಿ ಒಂದು ಸರಳ ಸೂತ್ರವನ್ನು ಪ್ರಕಟಿಸಿದರು. ಟೈರಿನೊಳಗಿನ ಒತ್ತಡವನ್ನು ಪಿ.ಎಸ್.ಐ. ಮಾನದಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲತೊಡಗುವ ವೇಗ ಗಂಟೆಗೆ ಮೈಲಿಗಳಲ್ಲಿ ದೊರೆಯುತ್ತದೆ. ಹಳೆಯ ವಿದ್ಯಾರ್ಥಿಗಳೇ, ಪೆನ್ಸಿಲು ತೆಗೆದುಕೊಳ್ಳಿ. 32 ಪಿ.ಎಸ್.ಐ. ಇದ್ದರೆ ಸುಮಾರು 58 ಮೈಲಿ, ಅಂದರೆ 94 ಕಿಲೋಮೀಟರು. ಗಾಳಿ ಇಳಿದು 24 ಆಗಿದ್ದರೆ ಸುಮಾರು 82 ಕಿಲೋಮೀಟರು. ಟೈರು ಸವೆದಿದ್ದು, ರಸ್ತೆಯಲ್ಲಿ ನಿಂತ ನೀರು ಗೆರೆಗಳ ಆಳಕ್ಕಿಂತ ಹೆಚ್ಚಾಗಿರುವಾಗ ಈ ಲೆಕ್ಕ ಅನ್ವಯಿಸುತ್ತದೆ. ಗೆರೆ ಆಳವಾಗಿದ್ದರೆ ಅಪಾಯ ಇನ್ನಷ್ಟು ದೂರ ಸರಿಯುತ್ತದೆ. ಇದು ಅಂದಾಜಿನ ಸೂತ್ರವೇ ಹೌದು. ಆದರೂ ಮಳೆಯಲ್ಲಿ ಗಾಳಿ ಕಡಿಮೆ ಮಾಡುವುದು ಒಳ್ಳೆಯದೆಂಬ ರೂಢಿಯ ಮಾತು ಎಷ್ಟು ತಪ್ಪೆಂಬುದನ್ನು ಇದೊಂದೇ ಲೆಕ್ಕ ತೋರಿಸುತ್ತದೆ.

ನನ್ನ ಹುಡುಗ ಬಿದ್ದದ್ದು ಹೀಗೆ ತೇಲಿ ಅಲ್ಲ; ಮೋಟಾರ್‌ಸೈಕಲ್ಲಿನ ಕಿರಿದಾದ ಟೈರು ಅಷ್ಟು ಸುಲಭವಾಗಿ ತೇಲದು. ಮೊದಲ ಮಳೆಯಲ್ಲಿ ರಸ್ತೆಯ ಧೂಳೂ ಎಣ್ಣೆಯೂ ನೀರಿನೊಡನೆ ಸೇರಿ ಸಾಬೂನಿನಂಥ ತೆಳುಪೊರೆಯಾಗುತ್ತದೆ. ಬೋಳಾದ, ಹಳಸಿದ ರಬ್ಬರಿಗೆ ಆ ಪೊರೆಯನ್ನು ಹರಿಯುವ ಶಕ್ತಿಯಿರಲಿಲ್ಲ.

ಹಾಗಾದರೆ ರೇಸಿನ ಟೈರು ಬೋಳಾದದ್ದು ಏಕೆ? ಇಲ್ಲಿ ನನ್ನ ಕಪ್ಪು ಹಲಗೆಯ ನಿಯಮವನ್ನು ತಿದ್ದಬೇಕು. ಘರ್ಷಣೆ ವಿಸ್ತೀರ್ಣವನ್ನು ಅವಲಂಬಿಸದೆಂಬ ನಿಯಮವನ್ನು 1699ರಲ್ಲಿ ಫ್ರಾನ್ಸಿನ ಅಮೊಂಟಾನ್ಸ್ ಪ್ರಕಟಿಸಿದನು. ಮರ, ಕಬ್ಬಿಣಗಳಿಗೆ ಅದು ಬಹುಮಟ್ಟಿಗೆ ಸರಿ. ರಬ್ಬರಿಗೆ ಮಾತ್ರ ಅದು ಒಗ್ಗುವುದಿಲ್ಲ. ಮೆದುವಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು, ಅಂಟಿಕೊಂಡು, ಬಾಗಿ, ಮರಳುವಾಗ ಶಕ್ತಿಯನ್ನು ಹೀರುತ್ತದೆ. ಒಂದೇ ಭಾರವನ್ನು ಹೆಚ್ಚು ರಬ್ಬರಿನ ಮೇಲೆ ಹಂಚಿದರೆ ಹಿಡಿತ ಹೆಚ್ಚುತ್ತದೆ. ಜೊತೆಗೆ, ಗೆರೆಗಳಿಂದ ತುಂಡುತುಂಡಾದ ರಬ್ಬರು ತಿರುವಿನಲ್ಲಿ ಅಲುಗಾಡಿ ಬಿಸಿಯಾಗುತ್ತದೆ. ಅಖಂಡ ರಬ್ಬರು ಅಷ್ಟು ಅಲುಗಾಡದು. ಆದ್ದರಿಂದಲೇ 1971ರಲ್ಲಿ ಸ್ಪೇನಿನ ಗ್ರ್ಯಾನ್ ಪ್ರೀಯಲ್ಲಿ ಫೈರ್‌ಸ್ಟೋನ್ ಸಂಸ್ಥೆ ಫಾರ್ಮುಲಾ ಒನ್ ಪಂದ್ಯಕ್ಕೆ ಗೆರೆಯಿಲ್ಲದ ‘ಸ್ಲಿಕ್’ ಟೈರನ್ನು ತಂದಿತು. ಜಾರದಿರಲೆಂದು 1908ರಲ್ಲಿ ಅಕ್ಷರ ಕೊರೆದ ಸಂಸ್ಥೆಯೇ 63 ವರ್ಷಗಳ ಮೇಲೆ, ಅದೇ ಉದ್ದೇಶಕ್ಕಾಗಿ, ಅಕ್ಷರವನ್ನೆಲ್ಲ ಅಳಿಸಿತು. ತಿರುವುಗಳಲ್ಲಿ ವೇಗ ತಗ್ಗಿಸಲೆಂದು 1998ರಿಂದ 2008ರವರೆಗೆ ಫಾರ್ಮುಲಾ ಒನ್‌ನವರು ಒಣ ಟೈರಿಗೂ ಗೆರೆ ಕಡ್ಡಾಯ ಮಾಡಿದ್ದರು. 2009ರಲ್ಲಿ ಸ್ಲಿಕ್ ಹಿಂತಿರುಗಿತು.

ಈಗ ವ್ಯತ್ಯಾಸ ನೋಡಿ. ಸ್ಲಿಕ್ ಟೈರಿನ ರಬ್ಬರು ಹೊಸತು, ಮೆದು. ಬಿಸಿಯಾದಾಗ ಜಿಗುಟಾಗುವಂತೆ ಕಲಸಿದ್ದು. ಸವೆದು ಬೋಳಾದ ಟೈರಿನಲ್ಲಿ ಉಳಿದಿರುವುದು ವರ್ಷಗಟ್ಟಲೆ ಬಿಸಿಲುಂಡು ಗಡುಸಾದ, ತೆಳುವಾದ ತಳದ ರಬ್ಬರು. ಸನ್ಯಾಸಿಯ ತಲೆಯೂ ಬೋಳು, ನನ್ನ ತಲೆಯೂ ಬೋಳು. ಅಷ್ಟರಿಂದ ನಾನು ಸನ್ಯಾಸಿಯಾಗಲಿಲ್ಲ. ಇನ್ನು ಮಳೆ ಬಂತೆಂದರೆ ರೇಸಿನವರೂ ಸ್ಲಿಕ್ಕನ್ನು ಕಳಚಿ ಗೆರೆಯ ಟೈರಿಗೇ ಶರಣಾಗುತ್ತಾರೆ. ಫಾರ್ಮುಲಾ ಒನ್‌ಗೆ ಪಿರೆಲಿ ಸಂಸ್ಥೆ ಕೊಡುವ ಪೂರ್ಣ ಮಳೆಟೈರು, ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ 85 ಲೀಟರು ನೀರನ್ನು ಹೊರಚೆಲ್ಲುತ್ತದಂತೆ. ಅರೆಮಳೆಯ ಟೈರು 30 ಲೀಟರು. ಅಂದು ತರಗತಿಯಲ್ಲಿ ನಾನು ಈ ಎರಡನೆಯ ಅರ್ಧವನ್ನು ಹೇಳಲೇ ಇಲ್ಲ.

ಟೈರನ್ನು ಕುರಿತು ‘ಸಾಕು, ಇದು ಸುರಕ್ಷಿತವಲ್ಲ’ ಎಂದು ಹೇಳುವುದಕ್ಕೂ ಧೈರ್ಯ ಬೇಕು. 2005ರ ಜೂನ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಅಮೆರಿಕದ ಗ್ರ್ಯಾನ್ ಪ್ರೀಯಲ್ಲಿ, ಅಭ್ಯಾಸದ ವೇಳೆ ಟೈರುಗಳು ವಿಫಲವಾದ ಕಾರಣ, ಆ ಪಥದ ಓರೆಯಾದ ತಿರುವಿನಲ್ಲಿ ತಮ್ಮ ಟೈರುಗಳ ಸುರಕ್ಷತೆಗೆ ಭರವಸೆ ಕೊಡಲಾಗದೆಂದು ಮಿಶೆಲಿನ್ ಸಂಸ್ಥೆ ತಿಳಿಸಿತು. ಆ ಟೈರಿನ 14 ಕಾರುಗಳೂ ಪಂದ್ಯ ಆರಂಭವಾಗುವ ಮುನ್ನವೇ ಹಿಂದೆ ಸರಿದವು. ಓಡಿದವು ಆರೇ ಕಾರುಗಳು. ನಾಲ್ಕನೆಯವರಾಗಿ ಬಂದವರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನಿಗೆ ಅಂಕ ದೊರೆತದ್ದು ಅದೇ ಮೊದಲು. ಆ ದಿನ ಪ್ರೇಕ್ಷಕರು ಕೂಗಾಡಿದರು, ಪತ್ರಿಕೆಗಳು ಹಂಗಿಸಿದವು. ಆದರೆ ಯಾರ ಕಾಲೂ ಮುರಿಯಲಿಲ್ಲ.

ನಮ್ಮ ಭಾಗದ ಪಥಗಳ ಚರಿತ್ರೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ದಕ್ಷಿಣದ ರೇಸುಗಳು ಮೊದಲು ಪ್ರಸಿದ್ಧವಾದದ್ದು ಮದರಾಸಿನ ಬಳಿಯ ಶೋಳಾವರಂನಲ್ಲಿ. ಯುದ್ಧಕಾಲದ ಹಳೆಯ ವಿಮಾನನೆಲೆ ಅದು. ಅನಂತರ 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಮದರಾಸಿನವರ ಹೊಸ ಪಥ ಸಿದ್ಧವಾಯಿತು. 2003ರಲ್ಲಿ ತೆರೆದ ಕೊಯಮತ್ತೂರಿನ ಪಥಕ್ಕೆ, ರೇಸು ಕಾರುಗಳನ್ನು ತಾವೇ ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿಟ್ಟರು. ಮೈಸೂರಿನಿಂದ ಆ ಕಡೆಗೆ ಹೋಗುವವರು ಘಟ್ಟ ಇಳಿಯಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಈಶಾನ್ಯ ಮಾರುತದ ಮಳೆ ಅಲ್ಲಿ ಯಾವಾಗ ಬೇಕಾದರೂ ಸುರಿಯಬಹುದು.

ಈಗ, ಮಗು, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ರೇಸು ಓಡಿಸಿದವನಲ್ಲ; ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದು: ನೀನು ಅದೇ ಕಾರಿನಲ್ಲಿ ಊರಿಗೆ ಹಿಂತಿರುಗಬೇಕು. ಆದ್ದರಿಂದ ರಸ್ತೆಗೆ ಸಲ್ಲದ ಟೈರನ್ನು ಹಾಕಿಕೊಂಡು ಹೊರಡಬೇಡ. ಒಂದೇ ಜೊತೆ ಟೈರಿಗೆ ಮಾತ್ರ ಅನುಕೂಲವಿದ್ದರೆ, ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ ಉತ್ತಮ ರಸ್ತೆಯ ಟೈರುಗಳನ್ನೇ ಆರಿಸು. ಒಣ ಪಥದಲ್ಲಿ ಅವು ನಿನ್ನನ್ನು ಕೆಲವು ಸೆಕೆಂಡು ನಿಧಾನ ಮಾಡಬಹುದು, ಅಷ್ಟೆ. ಎರಡನೆಯ ಜೊತೆ ಬೇರೆ ಚಕ್ರಗಳ ಮೇಲೆ ಇದ್ದರೆ, ಒಣ ದಿನಕ್ಕೆ ಮೆದು ರಬ್ಬರಿನ, ಗಟ್ಟಿ ಪಕ್ಕೆಯ, ಗೆರೆ ಕಡಿಮೆಯಿರುವ ಟೈರು ಸೊಗಸು. ನಾಲ್ಕೂ ಒಂದೇ ಜಾತಿಯವಾಗಿರಲಿ.

ಎರಡನೆಯದು, ಗಾಳಿ. ಒಣ ದಿನ ಟೈರು ಬಿಸಿಯಾದಂತೆ ಒತ್ತಡ ಏರುತ್ತದೆ. 27 ಡಿಗ್ರಿಯಲ್ಲಿ 30 ಪಿ.ಎಸ್.ಐ. ಇದ್ದುದು 87 ಡಿಗ್ರಿಗೆ ಸುಮಾರು 39 ಆಗುತ್ತದೆ. ಅನಿಲ ನಿಯಮದ ಲೆಕ್ಕ ನೀನೇ ಮಾಡಿ ನೋಡು, ವಾತಾವರಣದ ಒತ್ತಡವನ್ನು ಕೂಡಿಸಲು ಮರೆಯಬೇಡ. ಆದ್ದರಿಂದ ಅನುಭವಿಗಳು ಪ್ರತಿ ಓಟದ ಅನಂತರ ಬಿಸಿಯಲ್ಲೇ ಅಳೆದು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಸಂಜೆ ಟೈರು ತಣ್ಣಗಾದ ಮೇಲೆ ಮತ್ತೆ ತುಂಬಿಸದೆ ಹೆದ್ದಾರಿಗೆ ಇಳಿಯಬಾರದು. ಮಳೆಯ ದಿನ ಇಳಿಸುವ ಮಾತೇ ಬೇಡ. ಕಾರಿನವರು ಹೇಳಿದಷ್ಟಾದರೂ ಇರಲಿ.

ಮೂರನೆಯದು, ಗೆರೆಯ ಆಳ. ಕಾರಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರು. ಗೆರೆಯ ತಳದಲ್ಲಿರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ರಬ್ಬರು ಸವೆದರೆ ಆ ಟೈರಿನ ಆಯುಸ್ಸು ಮುಗಿಯಿತು. ಮಳೆಯ ಪಥಕ್ಕೆ ಅಷ್ಟರವರೆಗೆ ಕಾಯಬಾರದು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದು: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಇರಲಿ, ಮುದಿ ರಬ್ಬರು ಮುದಿಯೇ.

ನಾಲ್ಕನೆಯದು: ಮಳೆ ನಿಂತು ಪಥ ಒಣಗತೊಡಗಿದಾಗ ಅತಿ ಎಚ್ಚರ ಬೇಕು. ಮಳೆಗೆಂದು ಮಾಡಿದ ಮೆದು ಟೈರು ಒಣನೆಲದಲ್ಲಿ ಬೇಗ ಬೆಂದುಹೋಗುತ್ತದೆ. ರೇಸಿನವರು ಅದನ್ನು ತಣಿಸಲು ನೀರು ನಿಂತ ಕಡೆ ಹುಡುಕಿಕೊಂಡು ಓಡಿಸುತ್ತಾರೆ. ಒಣ ಟೈರಿನವನಿಗೋ ಅದೇ ನೀರಿನ ತುಣುಕು ಮೃತ್ಯು. ಅನುಮಾನ ಬಂದರೆ ಆ ಸುತ್ತನ್ನು ಬಿಟ್ಟುಬಿಡು. 14 ಕಾರುಗಳು ಬಿಟ್ಟುಬಿಡಲಿಲ್ಲವೇ?

ಇದನ್ನು ನಿನ್ನ ತಂದೆಗೆ ಓದಿ ಹೇಳು. 1984ರಲ್ಲಿ ಅವನು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ನಾನು ಕೊಟ್ಟದ್ದು ಅರ್ಧ ಉತ್ತರ. ಅರ್ಧ ಸತ್ಯವನ್ನು ನಗಿಸಿ ಹೇಳಿದರೆ ಅದು ಪೂರ್ಣ ಸತ್ಯಕ್ಕಿಂತ ಚೆನ್ನಾಗಿ ನೆನಪಿರುತ್ತದೆಂಬುದನ್ನು ನಾನು ಆಸ್ಪತ್ರೆಯಲ್ಲಿ ಕಲಿತೆ. ಅಂದೇ ಅವನ ಮಂಚದ ಪಕ್ಕ ಕುಳಿತು ‘ತಪ್ಪು ನನ್ನದೂ ಇದೆಯಪ್ಪ’ ಎನ್ನಬೇಕಾಗಿತ್ತು. ಮೂರು ದಶಕಗಳಿಗೂ ಮೀರಿ ತಡವಾಗಿ ಈಗ ಹೇಳುತ್ತಿದ್ದೇನೆ.

ಉಳಿದ ವಿದ್ಯಾರ್ಥಿಗಳೂ ಬಂಧುಗಳೂ ರೇಸಿಗೆ ಹೋಗುವವರಲ್ಲವೆಂದು ಬಲ್ಲೆ. ಆದರೂ ನಾಳೆ ಬೆಳಗ್ಗೆ ಹಾಲು ತರಲು ಹೊರಟಾಗ ನಿಮ್ಮ ಸ್ಕೂಟರಿನ ಹಿಂದಿನ ಟೈರನ್ನು ಒಮ್ಮೆ ಬಗ್ಗಿ ನೋಡಿ. ಅದು ಬೋಳಾಗಿದ್ದರೆ, ಮೇಷ್ಟರ ಹಳೆಯ ಜೋಕನ್ನು ಮರೆತು ಹೊಸ ಟೈರು ಹಾಕಿಸಿ.

ಇಂತು,
ನಿಮ್ಮ ಮೇಷ್ಟರು